ಹನಿ ಕೂಡಿ ಹಳ್ಳವಾಗಲು: ಮುಂಬಯಿಯ ಸಣ್ಣ ಕೆಲಸಗಳ ಚರಿತ್ರೆ

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ನಮ್ಮಂಥ ಸಾಮಾನ್ಯ ನಗರವಾಸಿಗಳ ಕೈಗೆ ಒಂದು ಪಟ್ಟಿ ಸಿಗುತ್ತದೆ. ನಲ್ಲಿಯನ್ನು ಬಿಗಿಯಾಗಿ ಮುಚ್ಚಿ, ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯಿರಿ, ರೈಲು ಬಸ್ಸುಗಳಲ್ಲಿ ಓಡಾಡಿ, ಹಸಿ ಕಸ ಒಣ ಕಸಗಳನ್ನು ಬೇರೆಯಾಗಿಡಿ, ಅನ್ನ ಚೆಲ್ಲಬೇಡಿ. ಈ ಪಟ್ಟಿಯನ್ನು ಕಂಡು ಕೆಲವರು ‘ಹನಿ ಹನಿ ಕೂಡಿದರೆ ಹಳ್ಳ’ ಎಂದು ಸಮಾಧಾನ ಪಡುತ್ತಾರೆ. ಇನ್ನು ಕೆಲವರು, ಕಲ್ಲಿದ್ದಲು ಉರಿಸುವ ಮಹಾಸ್ಥಾವರಗಳ ಎದುರಿಗೆ ನಮ್ಮ ಒಂದು ಚೀಲದಿಂದ ಏನಾದೀತು ಎಂದು ನಕ್ಕು ಮುಂದೆ ಹೋಗುತ್ತಾರೆ. ಎರಡೂ ಕಡೆಯವರು ಮಾತನಾಡುವುದು ಇಂತಹ ಕೆಲಸಗಳು ನಿನ್ನೆ ಮೊನ್ನೆ ಹುಟ್ಟಿದವು ಎಂಬ ಭಾವನೆಯಿಂದ.

ಮುಂಬಯಿಯಲ್ಲಿ ನೆಲೆಸಿದ ನಮಗೆ ಇವು ಹೊಸವಲ್ಲ. ಹವಾಮಾನ ಬದಲಾವಣೆ ಎಂಬ ಶಬ್ದ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲೇ ಈ ಊರಿನ ಲಕ್ಷಾಂತರ ಜನ ಪಟ್ಟಿಯ ಬಹುಪಾಲು ಕೆಲಸಗಳನ್ನು ದಿನನಿತ್ಯ ಮಾಡುತ್ತಿದ್ದರು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ, ಕೆಲವು ಅಳಿದಿವೆ, ಕೆಲವು ಅಳಿದು ಮತ್ತೆ ತಲೆಯೆತ್ತಿವೆ. ಯಾವುದು ಏಕೆ ಉಳಿಯಿತು, ಯಾವುದು ಏಕೆ ಅಳಿಯಿತು ಎಂದು ನೋಡುವುದೇ ಈ ಲೇಖನದ ಉದ್ದೇಶ. ನೂರೈವತ್ತು ವರ್ಷಗಳ ಆ ಕಥೆಯನ್ನು ಗಮನಿಸಿದರೆ, ಗಾದೆಯೂ ನಿಜ, ನಗುವವರ ಸಂಶಯವೂ ನಿಜ ಎನ್ನಿಸುತ್ತದೆ. ಹನಿಗಳು ಕೂಡಿದರೆ ಹಳ್ಳವಾಗುವುದು ಹೌದು. ಆದರೆ ಅವು ಕೂಡಿ ಹರಿಯುವುದಕ್ಕೆ ಒಂದು ಪಾತ್ರ ಬೇಕು.

ಬಾವಿಯಿಂದ ನಲ್ಲಿಗೆ

ನೀರಿನಿಂದಲೇ ಆರಂಭಿಸೋಣ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಈ ದ್ವೀಪನಗರ ಬದುಕಿದ್ದು ಬಾವಿಗಳ ಮತ್ತು ಕೆರೆಗಳ ಮೇಲೆ. ಚರ್ಚ್‌ಗೇಟ್ ಬಳಿ 1725ರಲ್ಲಿ ತೋಡಿಸಿದ ಭೀಖಾ ಬೆಹರಾಮ್ ಬಾವಿ ಈಗಲೂ ಇದೆ; ಸಮುದ್ರದ ಇಷ್ಟು ಸಮೀಪದಲ್ಲಿದ್ದರೂ ಅದರ ನೀರು ಸಿಹಿ. ಧೋಬಿ ತಲಾವ್, ಸಿ.ಪಿ. ಟ್ಯಾಂಕ್, ಗೋವಾಲಿಯಾ ಟ್ಯಾಂಕ್ ಎಂಬ ಹೆಸರುಗಳು ಮಾತ್ರ ಉಳಿದು ಕೆರೆಗಳು ಕಾಣೆಯಾಗಿವೆ. 1854ರಲ್ಲಿ ನೀರಿನ ಬರ ಬಂದಾಗ ದನಕರುಗಳನ್ನು ಪಟ್ಟಣದಿಂದ ಹೊರಗೆ ಅಟ್ಟಬೇಕಾಯಿತು. ಆ ಸಂಕಟದ ಬೆನ್ನಿಗೇ ವಿಹಾರ್ ಸರೋವರದ ಯೋಜನೆ ರೂಪುಗೊಂಡು 1860ರಲ್ಲಿ ಪೂರ್ಣಗೊಂಡಿತು. ಅನಂತರ 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ, ಸ್ವಾತಂತ್ರ್ಯದ ಬಳಿಕ ವೈತರಣಾ ಮತ್ತು ಭಾತ್ಸಾ. ನೀರಿನ ಮೂಲ ಒಂದೊಂದು ಪೀಳಿಗೆಗೆ ಒಂದೊಂದು ಹೆಜ್ಜೆ ದೂರ ಸರಿಯುತ್ತ ಸಹ್ಯಾದ್ರಿಯ ಬುಡವನ್ನು ಮುಟ್ಟಿತು. ಈಗ ನಗರಕ್ಕೆ ದಿನವೊಂದಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಬರುತ್ತದೆ.

ಇದೊಂದು ದೊಡ್ಡ ಸಾಧನೆ ಎಂಬುದರಲ್ಲಿ ಸಂಶಯವಿಲ್ಲ. ಕೊಳಕು ನೀರಿನ ರೋಗಗಳಿಂದ ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲೇರಿಯಾ ಹರಡಿದಾಗ ಮನೆಯಂಗಳದ ಬಾವಿಗಳೇ ಸೊಳ್ಳೆಯ ತವರು ಎಂದು ಕಂಡುಬಂತು, 1911ರಲ್ಲಿ ಡಾ. ಬೆಂಟ್ಲಿಯವರ ವರದಿ ಬಂದ ಮೇಲೆ ಬಾವಿಗಳನ್ನು ಮುಚ್ಚಿಸುವ ಕೆಲಸ ನಡೆಯಿತು. ಅದಕ್ಕೂ ತಕ್ಕ ಕಾರಣವಿತ್ತು. ಆದರೆ ಬಾವಿಯೊಡನೆ ಒಂದು ಅರಿವೂ ಮುಚ್ಚಿಹೋಯಿತು. ಹಗ್ಗ ಹಿಡಿದು ಸೇದುವವರಿಗೆ ಕೊಡದ ತೂಕ ಗೊತ್ತಿರುತ್ತದೆ. ಬೇಸಿಗೆಯಲ್ಲಿ ನೀರು ಎಷ್ಟು ಮೆಟ್ಟಿಲು ಕೆಳಗಿಳಿಯಿತೆಂಬುದು ಕಣ್ಣಿಗೆ ಕಾಣುತ್ತದೆ. ನಲ್ಲಿ ತಿರುಗಿಸುವವರಿಗೆ ಇವೆರಡೂ ಇಲ್ಲ. ಮಿತವ್ಯಯದ ಅಭ್ಯಾಸ ಕೆಟ್ಟದ್ದು ಜನರು ಕೆಟ್ಟದ್ದರಿಂದಲ್ಲ. ಆ ಅಭ್ಯಾಸವನ್ನು ಹೊತ್ತುಕೊಂಡಿದ್ದ ಹಗ್ಗ ಕೈಯಿಂದ ಜಾರಿದ್ದರಿಂದ. 2002ರಲ್ಲಿ ಪಾಲಿಕೆ ದೊಡ್ಡ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿದಾಗ, ಮುಚ್ಚಿದ ಬಾವಿಗಳ ನೆನಪು ಸುಮಾರು ತೊಂಬತ್ತು ವರ್ಷಗಳ ನಂತರ ನಿಯಮವಾಗಿ ಮರಳಿತು ಎನ್ನಬಹುದು.

ನಲ್ಲಿಯ ಕಾಲದಲ್ಲಿ ಒಬ್ಬ ವ್ಯಕ್ತಿ ಏನು ಮಾಡಬಹುದೆಂಬುದಕ್ಕೆ ನಮ್ಮ ಉಪನಗರವೇ ಒಂದು ನಿದರ್ಶನವನ್ನು ಕೊಟ್ಟಿದೆ. ಅದನ್ನು ಕೊಟ್ಟವರು ಒಬ್ಬ ಸಾಹಿತಿ ಎಂಬುದು ನಮ್ಮಂಥ ಬಳಗಕ್ಕೆ ವಿಶೇಷ ಸಂತೋಷದ ಸಂಗತಿ. ಆಬಿದ್ ಸುರತಿಯವರು ಹಿಂದಿ ಮತ್ತು ಗುಜರಾತಿಯ ಲೇಖಕರು, ಚಿತ್ರಕಾರರು. ‘ಧರ್ಮಯುಗ’ ಓದುತ್ತಿದ್ದ ಹಿರಿಯರಿಗೆ ಅವರ ‘ಢಬ್ಬೂಜಿ’ ವ್ಯಂಗ್ಯಚಿತ್ರ ನೆನಪಿರಬಹುದು. ಕಾಮಿಕ್ಸ್ ಓದಿ ಬೆಳೆದವರಿಗೆ ‘ಬಹಾದ್ದೂರ್’ ಗೊತ್ತು. ಡೋಂಗ್ರಿಯ ಬಾಲ್ಯದಲ್ಲಿ ಒಂದು ಕೊಡ ನೀರಿಗಾಗಿ ತಾಯಿ ನಸುಕಿನಲ್ಲೇ ಸಾಲಿನಲ್ಲಿ ನಿಲ್ಲುತ್ತಿದ್ದುದನ್ನು ಕಂಡವರು ಅವರು. ಮುಂದೆ ಮಿತ್ರರೊಬ್ಬರ ಮನೆಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಯ ಬಗ್ಗೆ ಕೇಳಿದಾಗ, ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಸೆಕೆಂಡಿಗೊಂದು ಹನಿ ಸೋರುವ ನಲ್ಲಿಯಿಂದ ತಿಂಗಳಿಗೆ ಸಾವಿರ ಲೀಟರ್ ನಷ್ಟ ಎಂದು ಎಲ್ಲೋ ಓದಿದ್ದು ಅವರನ್ನು ಕಾಡಿತು. ಉತ್ತರ ಪ್ರದೇಶದ ಹಿಂದಿ ಸಾಹಿತ್ಯ ಸಂಸ್ಥೆಯಿಂದ ಬಂದ ಒಂದು ಲಕ್ಷ ರೂಪಾಯಿಯ ಪುರಸ್ಕಾರವನ್ನು ಅವರು ಈ ಕೆಲಸಕ್ಕೆ ಎತ್ತಿಟ್ಟು, 2007ರಲ್ಲಿ ಮೀರಾ ರೋಡಿನಲ್ಲಿ ‘ಡ್ರಾಪ್ ಡೆಡ್ ಫೌಂಡೇಶನ್’ ಆರಂಭಿಸಿದರು.

ಅವರ ಕ್ರಮವನ್ನು ಗಮನಿಸಬೇಕು. ವಾರದ ಮೊದಲು ಒಂದು ಕಟ್ಟಡವನ್ನು ಆಯ್ದು ಅಲ್ಲಿನವರ ಒಪ್ಪಿಗೆ ಪಡೆಯುವುದು, ಶನಿವಾರ ಕರಪತ್ರ ಹಂಚುವುದು, ಭಾನುವಾರ ಒಬ್ಬ ಪ್ಲಂಬರನನ್ನೂ ಒಬ್ಬ ಸ್ವಯಂಸೇವಕಿಯನ್ನೂ ಕರೆದುಕೊಂಡು ಮನೆಮನೆಯ ಬಾಗಿಲು ತಟ್ಟುವುದು. ಸೋರುವ ನಲ್ಲಿಯಿದ್ದರೆ ಹಣ ಪಡೆಯದೆ ವಾಷರ್ ಬದಲಿಸುವುದು. ಮೊದಲ ವರ್ಷದಲ್ಲಿ 1,666 ಮನೆಗಳಿಗೆ ಭೇಟಿ ಕೊಟ್ಟು 414 ನಲ್ಲಿಗಳನ್ನು ಸರಿಪಡಿಸಿದರು. ಅವರದೇ ಲೆಕ್ಕದಲ್ಲಿ ಉಳಿದ ನೀರು 4.14 ಲಕ್ಷ ಲೀಟರ್. ‘ನೀರು ಉಳಿಸಿ’ ಎಂಬ ಘೋಷಣೆಯನ್ನು ಮೀರಾ ರೋಡಿನವರು ಅದಕ್ಕಿಂತ ಮೊದಲೂ ಕೇಳಿದ್ದರು. ಅವರ ಬಾಗಿಲಿಗೆ ಬಾರದೆ ಇದ್ದದ್ದು ವಾಷರ್ ಮತ್ತು ಅದನ್ನು ಹಾಕುವ ಕೈ. ಸುರತಿಯವರು ಉಪದೇಶವನ್ನು ಬಿಟ್ಟು ಆ ಕೈಯನ್ನು ಒದಗಿಸಿದರು. ಹೀಗೆ ಉಳಿದ ಪ್ರತಿ ಲೀಟರಿನೊಡನೆ, ಅದನ್ನು ನೆಲದ ತೊಟ್ಟಿಯಿಂದ ತಾರಸಿಗೆ ಏರಿಸುವ ಪಂಪಿನ ವಿದ್ಯುತ್ತೂ ಉಳಿಯುತ್ತದೆ.

ಬಾಟಲಿ, ಪೊಟ್ಟಣ ಮತ್ತು ಚೀಲ

ಎರಡನೆಯ ನಿದರ್ಶನ ಹಾಲಿನದು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಮುಂಬಯಿಯ ಹಾಲಿನ ಸ್ಥಿತಿ ಶೋಚನೀಯವಾಗಿತ್ತು. ನಗರದ ಇಕ್ಕಟ್ಟಾದ ಕೊಟ್ಟಿಗೆಗಳಲ್ಲಿ ಎಮ್ಮೆಗಳು, ಬೀದಿಯಲ್ಲಿ ನೀರು ಬೆರೆಸಿದ ಹಾಲು. ದಾರಾ ಖುರೋಡಿಯವರ ನೇತೃತ್ವದಲ್ಲಿ ಬಾಂಬೆ ಮಿಲ್ಕ್ ಸ್ಕೀಮ್ ಬೆಳೆಯಿತು. ಗೋರೆಗಾಂವಿನ ಕಾಡಂಚಿನಲ್ಲಿ 1949ರಲ್ಲಿ ಆರೇ ಹಾಲಿನ ಕಾಲನಿ ತಲೆಯೆತ್ತಿತು. ಅಲ್ಲಿಂದ ಗಾಜಿನ ಬಾಟಲಿಗಳು, ಅಲ್ಯೂಮಿನಿಯಂ ಹಾಳೆಯ ಮುಚ್ಚಳ ತೊಟ್ಟು, ನಸುಕಿನಲ್ಲಿ ನಗರದ ಬೂತುಗಳಿಗೆ ಬಂದಿಳಿಯುತ್ತಿದ್ದವು. ಕೈಯಲ್ಲಿ ಹಾಲಿನ ಕಾರ್ಡು, ಚೀಲದಲ್ಲಿ ನಿನ್ನೆಯ ಖಾಲಿ ಬಾಟಲಿ. ಖಾಲಿಯನ್ನು ಕೊಟ್ಟು ತುಂಬಿದ್ದನ್ನು ತರುವುದು ಮುಂಬಯಿಯ ಮನೆಮನೆಯ ಬೆಳಗಿನ ಕೆಲಸ. ಅನೇಕ ಕನ್ನಡ ಮನೆಗಳಲ್ಲಿ ಅದು ಮಕ್ಕಳ ಪಾಲಿನ ಕೆಲಸವೂ ಆಗಿತ್ತು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಪರಿಪೂರ್ಣವಾದ ಮರುಬಳಕೆ. ಆದರೆ ಬೂತಿನ ಮುಂದೆ ನಿಂತ ಯಾರೂ ತಾವು ಭೂಮಿಯನ್ನು ಉಳಿಸುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಖಾಲಿ ಬಾಟಲಿ ಮರಳದಿದ್ದರೆ ಹಾಲಿಲ್ಲ, ಅಷ್ಟೆ. ಪ್ಲಾಸ್ಟಿಕ್ ಪೊಟ್ಟಣ ಬಂದಾಗ ಬಾಟಲಿ ಕ್ರಮೇಣ ಮರೆಯಾಯಿತು. ಒಡೆಯುವ ಭಯವಿಲ್ಲ, ತೊಳೆಯುವ ಯಂತ್ರ ಬೇಕಿಲ್ಲ, ಸಾಗಿಸಲು ಹಗುರ. ಡೇರಿಗಳಿಗೆ ಅನುಕೂಲವಾಯಿತು, ನಮಗೂ ಆಯಿತು. ಅಂದಿನ ಗೃಹಿಣಿಯೂ ಇಂದಿನ ಗೃಹಿಣಿಯೂ ಸ್ವಭಾವದಲ್ಲಿ ಬೇರೆಯಲ್ಲ. ಬೇರೆಯಾದದ್ದು ಖಾಲಿಯನ್ನು ಮರಳಿ ಪಡೆಯುವ ಬೂತು.

ಇದರ ಫಲವನ್ನು ನಗರ 2005ರ ಜುಲೈ 26ರಂದು ಕಂಡಿತು. ಆ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂತಹ ಮಳೆಗೆ ಯಾವ ಚರಂಡಿಯೂ ಸಾಲದು ಎಂಬುದು ನಿಜ. ಮೀಠಿ ನದಿಯ ಪಾತ್ರ ಕಿರಿದಾಗಿತ್ತು, ಮ್ಯಾಂಗ್ರೋವ್ ಕಾಡುಗಳು ಕಡಿದುಹೋಗಿದ್ದವು, ಭರತವೂ ಏರಿತ್ತು. ಅವುಗಳ ಜೊತೆಗೆ ಕಟ್ಟಿಕೊಂಡ ಚರಂಡಿಗಳಿಂದ ಹೊರಬಿದ್ದ ಪ್ಲಾಸ್ಟಿಕ್ ಚೀಲಗಳು ಎಲ್ಲರ ಕಣ್ಣಿಗೂ ಬಿದ್ದವು. ಮರುವರ್ಷ ರಾಜ್ಯ ಸರಕಾರ ತೆಳು ಚೀಲಗಳ ಮೇಲೆ ನಿಯಮ ತಂದಿತು. 2018ರ ಮಾರ್ಚ್ 23ರಂದು ಇನ್ನೂ ಕಠಿಣವಾದ ಪ್ಲಾಸ್ಟಿಕ್ ನಿಷೇಧ ಬಂತು. ಮೊದಲ ತಪ್ಪಿಗೆ 5,000 ರೂಪಾಯಿ ದಂಡ, ಮೂರನೆಯದಕ್ಕೆ 25,000 ರೂಪಾಯಿಯೊಂದಿಗೆ ಸೆರೆವಾಸ.

ಆ ಆದೇಶದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಅಂಶವಿತ್ತು. ಹಾಲಿನ ಪೊಟ್ಟಣಗಳಿಗೆ ವಿನಾಯಿತಿ ಕೊಟ್ಟು, ಖಾಲಿ ಪೊಟ್ಟಣವನ್ನು ಕನಿಷ್ಠ 50 ಪೈಸೆಗೆ ಮರಳಿ ಕೊಳ್ಳಬೇಕೆಂದು ಅದು ಹೇಳಿತ್ತು. ಅಂದರೆ ಆರೇ ಬಾಟಲಿಯ ನ್ಯಾಯವನ್ನೇ ಕಾನೂನು ಪೊಟ್ಟಣಕ್ಕೂ ಅನ್ವಯಿಸಲು ನೋಡಿತು. ಆದರೆ ಆ ಐವತ್ತು ಪೈಸೆಯ ವ್ಯವಹಾರ ನಮ್ಮ ಮನೆಬಾಗಿಲಿನವರೆಗೆ ಬಂದು ನಿಲ್ಲಲಿಲ್ಲ. ಪೊಟ್ಟಣವನ್ನು ತೊಳೆದಿಡಬೇಕು, ಅದನ್ನು ಅಂಗಡಿಯವನು ಎಣಿಸಿಕೊಳ್ಳಬೇಕು, ಡೇರಿ ಅದನ್ನು ಹಿಂದಕ್ಕೆ ಒಯ್ಯಬೇಕು. ಸರಪಣಿಯ ಎಲ್ಲ ಕೊಂಡಿಗಳೂ ಕೂಡಿಕೊಳ್ಳದೆ ಮೊದಲ ಕೊಂಡಿಯಾದ ನಾವು ಎಷ್ಟು ತೊಳೆದಿಟ್ಟರೂ ಅದು ಕೊನೆಗೆ ಕಸದ ಬುಟ್ಟಿಯನ್ನೇ ಸೇರುತ್ತದೆ. ನಿಷೇಧದಿಂದ ಏನೂ ಆಗಲಿಲ್ಲವೆಂದು ಹೇಳಲಾಗದು. ಬಟ್ಟೆಯ ಚೀಲ ಹಿಡಿದು ಹೊರಡುವವರು ಪೇಟೆಯಲ್ಲಿ ಹೆಚ್ಚಾದರು. ಆದರೆ ದಂಡದ ಭಯವೊಂದೇ ಅಭ್ಯಾಸವನ್ನು ಬಹುಕಾಲ ಹೊರಲಾರದು.

ಡಬ್ಬಿ ಮತ್ತು ಬಾಳೆಯೆಲೆ

ಹೀಗೆ ಅಳಿದ ವ್ಯವಸ್ಥೆಯ ಪಕ್ಕದಲ್ಲೇ ಉಳಿದುಕೊಂಡು ಬಂದ ವ್ಯವಸ್ಥೆಯೊಂದಿದೆ. 1890ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆಯವರು ಮಾವಳ ಪ್ರಾಂತದ ನೂರರಷ್ಟು ಮಂದಿಯನ್ನು ಕಟ್ಟಿಕೊಂಡು ಆರಂಭಿಸಿದ ಡಬ್ಬಾವಾಲಾಗಳ ಕೆಲಸ ಜಗತ್ತಿಗೇ ಪರಿಚಿತ. ಸುಮಾರು 5,000 ಜನ ದಿನಕ್ಕೆ ಎರಡು ಲಕ್ಷ ಡಬ್ಬಿಗಳನ್ನು ಮುಟ್ಟಿಸುತ್ತಿದ್ದ ಕಾಲವೊಂದಿತ್ತು. ಕೋವಿಡ್ ನಂತರ ಆ ಸಂಖ್ಯೆ ಬಹಳ ಕುಗ್ಗಿದೆ. ಅವರ ನಿಖರತೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ನಾವು ಗಮನಿಸಬೇಕಾದದ್ದು ಬೇರೆ ಸಂಗತಿ. ಸೈಕಲ್ಲು, ಕೈಗಾಡಿ, ಲೋಕಲ್ ರೈಲು, ಕಾಲ್ನಡಿಗೆ ಇಷ್ಟರಿಂದಲೇ ಮನೆಯ ಊಟ ಮೂವತ್ತು ನಾಲ್ವತ್ತು ಕಿಲೋಮೀಟರ್ ದೂರದ ಕಚೇರಿಗೆ ಹೋಗಿ, ಖಾಲಿ ಡಬ್ಬಿ ಸಂಜೆಗೆ ಮನೆಗೆ ಮರಳುತ್ತದೆ. ಬಿಸಾಡುವ ವಸ್ತು ಒಂದೂ ಇಲ್ಲ. ಡಬ್ಬಿಯಲ್ಲಿ ಉಳಿದ ಅನ್ನ ಮನೆಗೇ ಹಿಂತಿರುಗುವುದರಿಂದ ನಾಳೆ ಎಷ್ಟು ತುಂಬಬೇಕೆಂಬುದು ತುಂಬುವವರಿಗೆ ತಿಳಿಯುತ್ತದೆ. ಇಂದು ಮೊಬೈಲಿನಿಂದ ತರಿಸುವ ಊಟ ಪೆಟ್ರೋಲಿನ ಬೈಕಿನಲ್ಲಿ, ನಾಲ್ಕು ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಬರುತ್ತದೆ. ಪೆಟ್ಟಿಗೆ ಎಲ್ಲಿಗೂ ಮರಳುವುದಿಲ್ಲ.

ಈ ವಿಷಯದಲ್ಲಿ ನಮ್ಮ ಉಡುಪಿ ಹೋಟೆಲುಗಳ ಪಾಲೂ ಇದೆ. ಮಾಟುಂಗಾ ನಿಲ್ದಾಣದ ಪಕ್ಕದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಇಂದಿಗೂ ನಡೆದಿದೆ. ಮೂರು ತಲೆಮಾರುಗಳ ಕಾಲ ಮುಂಬಯಿಯ ಮಧ್ಯಮವರ್ಗ ಕಾಫಿ ಕುಡಿದದ್ದು ತೊಳೆದು ಮತ್ತೆ ಬಳಸುವ ಸ್ಟೀಲಿನ ಲೋಟ ಬಟ್ಟಲುಗಳಲ್ಲಿ. ಈ ನೆನಪಿಗೆ ಬಣ್ಣ ಬಳಿಯುವುದು ಬೇಡ. ಆ ಲೋಟಗಳನ್ನು ತೊಳೆದವರು ಕರಾವಳಿಯಿಂದ ಬಂದ ಎಳೆಯ ಹುಡುಗರು; ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತವರು. ಅಗ್ಗದ ಕೈ ಸಿಗುತ್ತಿದ್ದುದೇ ಆ ವ್ಯವಸ್ಥೆಯ ಒಂದು ಆಧಾರ. ಇಂದು ಸ್ಟೀಲಿನ ಲೋಟಕ್ಕೆ ಮರಳಬೇಕೆನ್ನುವವರು ಅದನ್ನು ತೊಳೆಯುವವರ ಕೂಲಿಯ ಲೆಕ್ಕವನ್ನೂ ಹಾಕಬೇಕು.

ಹಳಿ ಕಿತ್ತದ್ದು, ಹಳಿ ಉಳಿದದ್ದು

ಓಡಾಟದ ಕಥೆಯಲ್ಲಿ ಇದೇ ಪಾಠ ಇನ್ನೂ ಸ್ಪಷ್ಟವಾಗಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲು, 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ ಮೊದಲ ವಿದ್ಯುತ್ ರೈಲು, ಇವೆರಡೂ ಈ ನಗರದ ಬೆಳವಣಿಗೆಯ ದಿಕ್ಕನ್ನೇ ನಿರ್ಧರಿಸಿದವು. ಹಳಿಯ ಗುಂಟ ಊರು ಬೆಳೆಯಿತು. ಡೊಂಬಿವಲಿಯಿಂದ ವಸಾಯಿಯವರೆಗೆ ಕನ್ನಡಿಗರ ಮನೆಗಳೂ ಹಾಗೆಯೇ ಹಬ್ಬಿದವು. ಕೋವಿಡ್‌ಗೆ ಮುಂಚೆ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಲೋಕಲ್ ಏರುತ್ತಿದ್ದರು. 2007ರಿಂದೀಚೆಗೆ ಬಂದ ಹೊಸ ರೈಲುಗಳು ಬ್ರೇಕು ಹಾಕುವಾಗ ವಿದ್ಯುತ್ತಿನ ಸ್ವಲ್ಪ ಭಾಗವನ್ನು ತಂತಿಗೆ ಮರಳಿಸುತ್ತವೆ.

ಟ್ರಾಮಿನ ಗತಿ ಬೇರೆ. 1874ರಲ್ಲಿ ಕುದುರೆ ಎಳೆದ ಟ್ರಾಮು, 1907ರಲ್ಲಿ ವಿದ್ಯುತ್ತಿನದಾಯಿತು. 1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಮು ಬೋರಿಬಂದರಿನಿಂದ ದಾದರಿಗೆ ಓಡಿತು. ಅನಂತರ ಹಳಿಗಳು ಮಾಯವಾದವು. ಮರುದಿನ ಬೆಳಿಗ್ಗೆ ಟ್ರಾಮಿನ ಪ್ರಯಾಣಿಕರ ಪರಿಸರಪ್ರೇಮ ಕಡಿಮೆಯಾಗಿರಲಿಲ್ಲ. ಅವರಿಗೆ ಏರಲು ಟ್ರಾಮು ಇರಲಿಲ್ಲ. ಬೆಸ್ಟ್ ಬಸ್ಸಿನ ವಿಷಯದಲ್ಲಿಯೂ ಹೀಗೆಯೇ. 2019ರ ಜುಲೈಯಲ್ಲಿ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದಾಗ ಜನ ಬಸ್ಸಿಗೆ ಮರಳಿದರು. ಬಸ್ಸುಗಳ ಸಂಖ್ಯೆ ಕುಗ್ಗಿ ಕಾಯುವ ಹೊತ್ತು ಹೆಚ್ಚಿದಾಗ ಅದೇ ಜನ ಆಟೋ ಹಿಡಿದರು.

ಲೋಕಲ್ ರೈಲನ್ನು ಹೊಗಳುವಾಗ ನಾವು ನಾಚಬೇಕಾದ ಮಾತೂ ಒಂದಿದೆ. ಇತ್ತೀಚಿನವರೆಗೂ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನ ಈ ಹಳಿಗಳ ಮೇಲೆ ಪ್ರಾಣ ಕಳೆದುಕೊಂಡಿದ್ದಾರೆ. ಬಾಗಿಲಲ್ಲಿ ಜೋತಾಡಿ ಹೋಗುವವನ ಇಂಗಾಲದ ಹೆಜ್ಜೆಗುರುತು ಚಿಕ್ಕದು, ನಿಜ; ಆದರೆ ಅದು ಅವನು ಆರಿಸಿಕೊಂಡ ಆದರ್ಶವಲ್ಲ. ಬಡತನ ಹೇರಿದ ಮಿತವ್ಯಯವನ್ನು ಸದ್ಗುಣವೆಂದು ಕರೆದು ಸುಮ್ಮನಾಗುವುದು ಸರಿಯಲ್ಲ. ಅವನಿಗೆ ನಿಲ್ಲಲು ಸ್ಥಳ ದೊರೆತಾಗಲೇ ಆ ಪ್ರಯಾಣ ನಿಜವಾದ ಆಯ್ಕೆಯಾಗುವುದು.

ಕಸದ ದಾರಿ

ಕೊನೆಯದು, ಅತ್ಯಂತ ಸಣ್ಣದೆನಿಸುವ ಕೆಲಸ: ಹಸಿ ಕಸವನ್ನು ಬೇರೆಯಿಡುವುದು. ದೇವನಾರಿನ ಕಸದ ಗುಡ್ಡಕ್ಕೆ 1927ರಿಂದ ನಗರದ ಹೊಲಸು ಹೋಗಿ ಬೀಳುತ್ತಿದೆ. 2016ರ ಜನವರಿಯ ಕೊನೆಯಲ್ಲಿ ಅದಕ್ಕೆ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು. ಹೊಗೆ ಉಪಗ್ರಹದ ಚಿತ್ರಗಳಲ್ಲಿಯೂ ಕಂಡಿತು. ಗಾಳಿಯಾಡದೆ ಕೊಳೆಯುವ ಹಸಿ ಕಸ ಮೀಥೇನ್ ಅನಿಲವನ್ನು ಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡಬಲ್ಲದು. ಹಾಗಾಗಿ ನಮ್ಮ ಅಡಿಗೆಮನೆಯ ಸಿಪ್ಪೆಯ ಬುಟ್ಟಿಗೂ ಭೂಮಿಯ ಬಿಸಿಗೂ ನೇರ ಸಂಬಂಧವಿದೆ. ಅದರ ಮೊದಲ ಬೆಲೆಯನ್ನು ತೆರುವವರು ದೇವನಾರ್, ಗೋವಂಡಿ, ಚೆಂಬೂರುಗಳ ನಿವಾಸಿಗಳು. ಅವರಲ್ಲಿ ನಮ್ಮವರೂ ಬಹಳ ಮಂದಿ ಇದ್ದಾರೆ.

ಘಾಟ್ಕೋಪರಿನ ಜೋಶಿ ಲೇನ್ ಎಂಬ ಓಣಿಯವರು 1990ರ ದಶಕದ ನಡುವೆ ಸೇರಿಕೊಂಡು ತಮ್ಮ ಕಸವನ್ನು ಬೇರ್ಪಡಿಸಿ, ಓಣಿಯನ್ನು ತಾವೇ ನೋಡಿಕೊಳ್ಳತೊಡಗಿದರು. ಪಾಲಿಕೆ ಅದನ್ನು ಮಾದರಿಯಾಗಿ ಸ್ವೀಕರಿಸಿ ‘ಎ.ಎಲ್.ಎಮ್.’ ಎಂಬ ಹೆಸರಿನಲ್ಲಿ ಓಣಿಗಳ ನಾಗರಿಕ ಸಮಿತಿಗಳನ್ನು ಪ್ರೋತ್ಸಾಹಿಸಿತು. ಅವು ನೂರಾರು ಕಡೆ ಹಬ್ಬಿದವು. ಪಾಲಿಕೆಯ ಅಧಿಕಾರಿ ಪ್ರತಿ ತಿಂಗಳು ಬಂದು ಮಾತು ಕೇಳಿದ ಕಡೆ ಸಮಿತಿ ಬಾಳಿತು. ಬೇರ್ಪಡಿಸಿ ಇಟ್ಟ ಕಸವನ್ನು ಒಂದೇ ಲಾರಿಗೆ ಸುರಿದ ಕಡೆ ಜನ ಒಂದೇ ವಾರದಲ್ಲಿ ಎರಡನೆಯ ಬುಟ್ಟಿಯನ್ನು ಅಟ್ಟಕ್ಕೇರಿಸಿದರು.

ಇದೇ ಹೊತ್ತಿನಲ್ಲಿ ಜ್ಯೋತಿ ಮ್ಹಾಪಸೇಕರರ ‘ಸ್ತ್ರೀ ಮುಕ್ತಿ ಸಂಘಟನಾ’ ಕಸ ಆಯುವ ಮಹಿಳೆಯರತ್ತ ತಿರುಗಿ ನೋಡಿತು. 1999ರಲ್ಲಿ ಆರಂಭವಾದ ಅವರ ‘ಪರಿಸರ ವಿಕಾಸ’ ಯೋಜನೆ ಆ ಮಹಿಳೆಯರಿಗೆ ಗೊಬ್ಬರ ಮಾಡುವ, ಭಾಭಾ ಅಣುಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ‘ನಿಸರ್ಗಋಣ’ ಅನಿಲ ಘಟಕಗಳನ್ನು ನಡೆಸುವ ತರಬೇತಿ ಕೊಟ್ಟಿತು. ನಾವು ಎಸೆದದ್ದನ್ನು ಆಯ್ದು ಬದುಕಿದ ಈ ಹೆಂಗಸರು, ರದ್ದಿ ಕೊಳ್ಳುವವರು, ಧಾರಾವಿಯಲ್ಲಿ ಪ್ಲಾಸ್ಟಿಕನ್ನು ಬಣ್ಣಬಣ್ಣವಾಗಿ ವಿಂಗಡಿಸುವವರು ಹವಾಮಾನದ ರಕ್ಷಣೆಗೆ ಮಾಡಿದ ಕೆಲಸ ನಮ್ಮೆಲ್ಲರ ಬಟ್ಟೆಚೀಲಗಳಿಗಿಂತ ದೊಡ್ಡದು. 2017ರ ಅಕ್ಟೋಬರ್ 2ರಿಂದ ದೊಡ್ಡ ಸೊಸೈಟಿಗಳು ಹಸಿ ಕಸವನ್ನು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು ಪಾಲಿಕೆ ವಿಧಿಸಿದಾಗ, ಆ ಕೆಲಸ ಬಲ್ಲವರು ಮೊದಲೇ ಸಿದ್ಧರಿದ್ದರು.

ವರ್ಸೋವಾ ಕಡಲತೀರದ ಕಥೆಯೂ ಇಲ್ಲಿ ಸಲ್ಲುತ್ತದೆ. ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರಿನಲ್ಲಿ ನೆರೆಮನೆಯ ವೃದ್ಧರೊಬ್ಬರೊಡನೆ ಕಸ ಹೆಕ್ಕಲು ಇಳಿದರು. ವಾರವಾರವೂ ಜನ ಕೂಡಿದರು. 2016ರಲ್ಲಿ ವಿಶ್ವಸಂಸ್ಥೆಯ ಗೌರವ ಬಂತು; 2018ರಲ್ಲಿ ಅದೇ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಮರಿಗಳು ಕಂಡವು. ಆದರೆ ಈ ನಡುವೆ 2017ರ ನವೆಂಬರಿನಲ್ಲಿ, ಕಿರುಕುಳವನ್ನೂ ಹೆಕ್ಕಿದ ಕಸ ಅಲ್ಲಿಂದ ಸಾಗದಿರುವುದನ್ನೂ ಹೇಳಿ ಅವರು ಕೆಲಸ ನಿಲ್ಲಿಸುವುದಾಗಿ ಸಾರಬೇಕಾಯಿತು. ಆಡಳಿತ ಜೊತೆ ನಿಂತ ಮೇಲೆ ಮತ್ತೆ ಇಳಿದರು. ಹೆಕ್ಕುವುದು ಜನರ ಕೈಯಲ್ಲಿದೆ, ಒಯ್ಯುವುದು ಲಾರಿಯ ಕೈಯಲ್ಲಿದೆ. ಎರಡೂ ಕೂಡದೆ ತೀರ ಶುಚಿಯಾಗದು.

ಲೆಕ್ಕ ಏನು ಹೇಳುತ್ತದೆ

2022ರ ಮಾರ್ಚಿನಲ್ಲಿ ಮುಂಬಯಿ ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿ, 2050ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಇಟ್ಟುಕೊಂಡಿತು. ಅದರ ಲೆಕ್ಕದಂತೆ ನಗರದ ಹೊರಸೂಸುವಿಕೆಯಲ್ಲಿ ಸುಮಾರು ಶೇಕಡಾ 72ರಷ್ಟು ಕಟ್ಟಡಗಳು ಮತ್ತು ಉದ್ಯಮಗಳು ಬಳಸುವ ಶಕ್ತಿಯಿಂದ, 20ರಷ್ಟು ಸಾರಿಗೆಯಿಂದ, 8ರಷ್ಟು ಕಸದಿಂದ. ನಗುವವರ ಸಂಶಯಕ್ಕೆ ಇಲ್ಲಿ ಬಲ ಸಿಗುತ್ತದೆ. 1915ರಲ್ಲಿ ಖೋಪೋಲಿಯ ಜಲವಿದ್ಯುತ್ತಿನಿಂದ ಗಿರಣಿಗಳನ್ನು ನಡೆಸಿದ ನಗರ ಈಗ ಬಹುಪಾಲು ಕಲ್ಲಿದ್ದಲಿನ ವಿದ್ಯುತ್ತನ್ನು ನೆಚ್ಚಿದೆ. ಆ ಸ್ವಿಚ್ಚು ನಮ್ಮ ಗೋಡೆಯ ಮೇಲಿಲ್ಲ.

ಹಾಗೆಂದು ಗೋಡೆಯ ಸ್ವಿಚ್ಚು ವ್ಯರ್ಥವೂ ಅಲ್ಲ. 2020ರಿಂದ ಹೊಸ ಏರ್ ಕಂಡಿಷನರುಗಳು ತಾವಾಗಿಯೇ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತೆಯ ಕೇಂದ್ರ ಕಚೇರಿಯ ಅಂದಾಜು. ಗುಂಡಿ ಒತ್ತುವವರು ನಾವೇ, ಆದರೆ ಯಂತ್ರವೇ ಮಿತವನ್ನು ನೆನಪಿಸುತ್ತದೆ. ಬಾವಿಯ ಹಗ್ಗ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದು ಅಂಕಿ ಮಾಡುತ್ತಿದೆ.

ಇಷ್ಟನ್ನೂ ಕಂಡ ಮೇಲೆ, ವ್ಯಕ್ತಿ ಏನು ಮಾಡಬಹುದು ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದು. ಪಟ್ಟಿಯಲ್ಲಿರುವುದನ್ನು ಮಾಡೋಣ, ಅದರ ಜೊತೆಗೆ ಆ ಕೆಲಸವನ್ನು ಹೊರುವ ವ್ಯವಸ್ಥೆಯನ್ನು ಒಂದು ಅಂಗುಲವಾದರೂ ಕಟ್ಟೋಣ. ಸೊಸೈಟಿಯ ಸಾಮಾನ್ಯ ಸಭೆಗೆ ತಪ್ಪದೆ ಹೋಗಿ, ವರ್ಷಕ್ಕೊಮ್ಮೆ ಎಲ್ಲ ಮನೆಗಳ ನಲ್ಲಿ ನೋಡಲು ಪ್ಲಂಬರನನ್ನು ಕರೆಸುವ ಠರಾವು ಮಂಡಿಸುವುದು ಸಣ್ಣ ಕೆಲಸ. ಹಸಿ ಕಸದ ಗೊಬ್ಬರದ ಗುಂಡಿಗೆ ಮೂಲೆಯೊಂದನ್ನು ಕೇಳುವುದು, ಅದನ್ನು ನೋಡಿಕೊಳ್ಳುವವರಿಗೆ ನ್ಯಾಯವಾದ ಸಂಬಳ ಗೊತ್ತುಮಾಡುವುದು, ಬಸ್ಸಿನ ಮಾರ್ಗ ನಿಂತರೆ ಹತ್ತು ಜನರ ಸಹಿಯೊಂದಿಗೆ ಅರ್ಜಿ ಕೊಡುವುದು ಇವೂ ಸಣ್ಣ ಕೆಲಸಗಳೇ. ಇವಕ್ಕೆ ಬೇಕಾದದ್ದು ಒಂದು ಸಂಜೆಯ ಹೊತ್ತು ಮತ್ತು ನೆರೆಯವರೊಡನೆ ಮಾತನಾಡುವ ತಾಳ್ಮೆ.

ಇದು ಹೊರನಾಡ ಕನ್ನಡಿಗರಿಗೆ ತಿಳಿಯದ ವಿದ್ಯೆಯೇನೂ ಅಲ್ಲ. ಪರವೂರಿಗೆ ಒಂಟಿಯಾಗಿ ಬಂದಿಳಿದ ನಮ್ಮ ಹಿರಿಯರು ಇಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದರು, 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಕಟ್ಟಿದರು. ಒಬ್ಬೊಬ್ಬರ ಭಾಷಾಪ್ರೇಮ ಮನೆಯೊಳಗೇ ಇದ್ದರೆ ಒಂದು ತಲೆಮಾರಿಗೆ ಒಣಗುತ್ತದೆಂದು ಅವರಿಗೆ ಗೊತ್ತಿತ್ತು. ಇಂದು ನಮ್ಮ ಸಂಘಗಳ ಎಷ್ಟೋ ಸಮಾರಂಭಗಳಲ್ಲಿ ಅರ್ಧ ಕುಡಿದಿಟ್ಟ ಪ್ಲಾಸ್ಟಿಕ್ ಬಾಟಲಿಗಳು ಕುರ್ಚಿಯಡಿಯಲ್ಲಿ ಉರುಳಾಡುತ್ತವೆ. ದಿನಾಂಕವಿರುವ ಫ್ಲೆಕ್ಸುಗಳು ಮರುದಿನ ಕಸವಾಗುತ್ತವೆ. ಪ್ರತಿ ಸಭಾಗೃಹದಲ್ಲಿ ಇನ್ನೂರು ಸ್ಟೀಲಿನ ಲೋಟಗಳಿದ್ದು, ಅವನ್ನು ತೊಳೆಯುವವರಿಗೆ ತಕ್ಕ ಸಂಭಾವನೆಯಿದ್ದು, ದಿನಾಂಕವಿಲ್ಲದ ಬಟ್ಟೆಯ ಫಲಕವೊಂದು ವರ್ಷಗಟ್ಟಲೆ ಬಳಕೆಯಾದರೆ, ಬರುವ ಅತಿಥಿಗಳಿಗೆ ಯಾರೂ ಉಪದೇಶ ಮಾಡಬೇಕಾಗುವುದಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಇಟ್ಟರೆ ಸಾಕು.